ಹಗ್ಗದ ಇನ್ನೊಂದು ತುದಿ

"ಬಸ್ಯಾ, ಹಗ್ಗ ಹಿಡಿಯೋ" ಎಂದು ಮರದ ಮೇಲಿಂದ ಕೂಗಿದ, ಕೊಂಬೆ ಕಡಿಯಲು ನಾನು ಕರೆಸಿದ್ದ ಆಳು. ಕಿಟಕಿಯಿಂದ ನೋಡಿದೆ. ಬುಡದಲ್ಲಿ ಯಾರೂ ಇರಲಿಲ್ಲ. ಮಟಮಟ ಮಧ್ಯಾಹ್ನ, ಜಾಲಹಳ್ಳಿಯ ನಮ್ಮ ಬೀದಿಯಲ್ಲಿ ನಾಯಿ ಕೂಡ ಓಡಾಡುತ್ತಿರಲಿಲ್ಲ. ಆದರೂ ಕೊಂಬೆಗೆ ಕಟ್ಟಿ ಕೆಳಗೆ ಬಿಟ್ಟಿದ್ದ, ನೆಲದ ಮೇಲೆ ಸಡಿಲವಾಗಿ ಬಿದ್ದಿದ್ದ ಹಗ್ಗ ಬಿಗಿಯಾಯಿತು. ಕಡಿದ ಕೊಂಬೆ ಧೊಪ್ಪನೆ ಬೀಳಲಿಲ್ಲ. ಪಕ್ಕದ ಮನೆಯವರ ಕಾರಿಗೂ ತಾಗದೆ, ಯಾರೋ ಇಳಿಸಿದ ಹಾಗೆ ಮೆಲ್ಲಗೆ ನೆಲಕ್ಕೆ ಬಂತು.

ಇಳಿದು ಬಂದವನಿಗೆ ಟೀ ಕೊಟ್ಟೆ. ಗಾಬರಿ ಮುಚ್ಚಿಕೊಳ್ಳಲು ಏನೇನೋ ಮಾತಾಡಿದೆ. ನಮ್ಮ ಯಜಮಾನರದೂ ಇದೇ ಕೆಲಸ, ಸರ್ಕಾರಿ ಕಾರ್ಖಾನೆಯ ತೋಟದಲ್ಲಿ ಪರ್ಮನೆಂಟ್ ಆಗಿದ್ದರು, ಅವರು ತೀರಿಕೊಂಡ ಮೇಲೂ ನನಗೆ ಪಿಂಚಣಿ ಬರುತ್ತಿದೆ ಎಂದೆ. ಅವನು ಲೋಟ ಕೆಳಗಿಟ್ಟು ಇಬ್ಬರ ಕೂಲಿ ಕೇಳಿದ. ನನಗೆ ಸಿಟ್ಟು ಬಂತು.

"ಬಂದಿದ್ದು ನೀನೊಬ್ಬನೇ ಅಲ್ವೇನಪ್ಪಾ?"

"ಬಸ್ಯಾ ಹೋದ ವರ್ಷ ಮರದ ಮ್ಯಾಲಿಂದ ಬಿದ್ದು ಸತ್ತಾನ್ರೀ ಅಕ್ಕಾರ. ಕಾಂಟ್ರಾಕ್ಟ್ ಕೆಲಸ, ಮನೀಗೆ ಏನೂ ಬರಲಿಲ್ಲ. ನಿಮ್ಮ ಯಜಮಾನ್ರದು ಪಿಂಚಣಿ ಬರತೈತಿ. ಇವ ಸತ್ತರೂ ತಾನೇ ದುಡಿಯಾಕ ಬರಬೇಕಾಗೈತ್ರಿ. ಅವನ ಕೂಲಿ ಅವನ ಹೆಂಡ್ತಿಗೆ ಮುಟ್ಟಸ್ತೀನಿ."

ಇಬ್ಬರದೂ ಕೊಟ್ಟು ಕಳಿಸಿದೆ. ಮೊದಲೆಲ್ಲ ಮೊಬೈಲಿಗೆ ಪಿಂಚಣಿಯ ಮೆಸೇಜ್ ಬಂದರೆ ನಿರಾಳವಾಗುತ್ತಿತ್ತು. ಈಗ ಅದು ಟಿಣ್ ಎಂದ ಕೂಡಲೇ ಬಾಗಿಲ ಕಡೆ ತಿರುಗಿ ನೋಡುತ್ತೇನೆ. ನಮ್ಮವರು ಬರುವುದಿಲ್ಲ. ಅವರ ಬದಲು ದುಡ್ಡು ಬಂದುಬಿಟ್ಟಿರುತ್ತದೆ.