ಕೌದಿಗೆ ಯಾವ ಮನೆಯ ರೊಟ್ಟಿ

ಕಲಬುರಗಿಗೆ ಬಂದ ಮೇಲೆ ನನಗೆ ಮೊದಲು ದಿಗಿಲಾದದ್ದು ಬಿಸಿಲು ಕಾಣದೆ. ಚಳಿಗಾಲದ ಮುಂಜಾನೆ ಬಾಗಿಲು ತೆಗೆದರೆ ಎದುರಿಗೆ ಇನ್ನೊಬ್ಬರ ಗೋಡೆ. ನಮ್ಮೂರು ಕಮಲಾಪುರದಲ್ಲಿ ಬಿಸಿಲು ತಾನೇ ನಡೆದು ಕಟ್ಟೆಗೆ ಬರುತ್ತಿತ್ತು. ಇಲ್ಲಿ ಗಾಜಿಪುರದ ಓಣಿಯಲ್ಲಿ ಅದಕ್ಕಾಗಿ ನಾನು ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಬೇಕು. ಆ ಮೊಣಕಾಲು ಕೆಟ್ಟದ್ದಕ್ಕೇ ಮಗಳು ಸುನಂದಾ ನನ್ನನ್ನು ಇಲ್ಲಿಗೆ ಕರೆತಂದದ್ದು.

ಇಲ್ಲಿ ರೊಟ್ಟಿಯನ್ನೂ ಅಂಗಡಿಯಿಂದ ತರುತ್ತಾರೆ, ಪ್ಲಾಸ್ಟಿಕ್ ಚೀಲದಲ್ಲಿ. ಹೊಸದರಲ್ಲಿ ಬೈದೆ. ಸುನಂದಾ ಆಫೀಸಿಗೆ ಹೋಗಿ ಸಂಜೆ ಬರುವವಳು, ಯಾವಾಗ ಬಡಿಯಬೇಕು? ನಿಂತು ಬಡಿಯುವ ಒಲೆ ನನ್ನ ಕಾಲಿಗೆ ಆಗದು. ಈಗ ನಾನೂ ತಿನ್ನುತ್ತೇನೆ. ಹೊಟ್ಟೆ ತುಂಬುತ್ತದೆ, ಅಷ್ಟೇ.

ಊರಿಂದ ಬರುವಾಗ, ಹೊದೆಯಲು ಹಳೆ ಸೀರೆ ತುಂಡುಗಳಿಂದ ಅರ್ಧ ಹೊಲಿದ ಕೌದಿ ತಂದಿದ್ದೆ. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿ ಚೂರು ಇಡುತ್ತೇವೆ, ಅದು ಹಸಿದಿರಬಾರದೆಂದು. ಅದನ್ನು ಹೊದ್ದು ಯಾವ ಮನೆಯಲ್ಲಿ ಮಲಗುತ್ತೇವೋ ಆ ಮನೆಯ ರೊಟ್ಟಿಯೇ ಆಗಬೇಕು ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನ ತೊಡಕು ಅಲ್ಲೇ. ಕಮಲಾಪುರದ ನನ್ನ ಮನೆಯ ಕೀಲಿ ನೆರೆಮನೆಯ ಕಾಶೀಬಾಯಿ ಹತ್ತಿರ ಇದೆ. ಶಾಲೆಗೆ ಬಂದ ಹೊಸ ಟೀಚರಮ್ಮ ಆ ಮನೆಯನ್ನು ಬಾಡಿಗೆಗೆ ಕೇಳುತ್ತಿದ್ದಾಳೆ, ಆದಿತ್ಯವಾರ ಸಂಜೆಯೊಳಗೆ ಹೂಂ ಅಥವಾ ಉಹೂಂ ಅನ್ನು ಎಂದು ಕಾಶಿ ಫೋನ್ ಮಾಡಿದ್ದಳು. ಬಸ್ಸಿಗೆ ಬರುವವರ ಕೈಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಕಳಿಸಿದ್ದಳು. ಕೌದಿಗೆ ಇದನ್ನೇ ಇಡು, ನೀ ಇಲ್ಲೇ ಬಂದು ಮಲಗುವಾಕಿ ಅಂದಿದ್ದಳು. ಸುನಂದಾಗೆ ಇದೆಲ್ಲ ಗೊತ್ತಿತ್ತು.

ಆ ಆದಿತ್ಯವಾರ ತಾಯಿ ಮಗಳು ಶಹಾಬಜಾರಿಗೆ ದಾರ ತರಲು ಹೋದೆವು. ಓಣಿಯ ಅಂಗಡಿಯವನು ಅರ್ಧ ಉರ್ದು ಅರ್ಧ ಕನ್ನಡದಲ್ಲಿ, "ಅಮ್ಮಾ, ಯೇ ಲೇಲೋ, ಗಟ್ಟಿ ಅದ, ನಿನ್ನ ಮೊಮ್ಮಕ್ಕಳ ತನಕ ಬರತದ" ಅಂದ. ಇವರ ಮಾತಿಗೆ ಮೊದಮೊದಲು ಮಿಕಿಮಿಕಿ ನೋಡುತ್ತಿದ್ದೆ. ಈಗ ನಾನೂ "ಬರಾಬರ್ ಹೇಳು" ಎಂದು ಚೌಕಾಸಿ ಮಾಡುತ್ತೇನೆ. ಜಗತ್ ಚೌಕದ ಹತ್ತಿರ ತಳ್ಳುಗಾಡಿಯಲ್ಲಿ ನಮ್ಮೂರಿನ ಕೆಂಪು ಬಾಳೆಹಣ್ಣು ಕಂಡವು. ತೋಟದ ಕೂಲಿಗೆ ಹೋಗುತ್ತಿದ್ದಾಗ ಉಡಿಯಲ್ಲಿ ತರುತ್ತಿದ್ದೆ; ಈಗ ಕೊಂಡೆ. ಮೂಸಿ ನೋಡಿದೆ, ಅದೇ ವಾಸನೆ.

ಅಲ್ಲೇ ಸುನಂದಾ ಅಂಗಡಿಯೊಂದರಲ್ಲಿ ರಗ್ಗು ಮುಟ್ಟಿಸಿದಳು. ಮೆತ್ತಗಿತ್ತು, ಹೂವಿನ ಹಾಗೆ ಹಗುರ. ಬೇಡ ಅಂದೆ. ಮೈಮೇಲೆ ಭಾರ ಬೀಳದಿದ್ದರೆ ನನಗೆ ನಿದ್ದೆ ಬಾರದು.

ಊಟವಾದ ಮೇಲೆ ಮಾಳಿಗೆಯ ಬಿಸಿಲಲ್ಲಿ ಕೌದಿ ಹೊಲಿಯುತ್ತ ಕೂತೆ. ಒಂದು ಮೂಲೆ ಉಳಿಯಿತು. ಕಾಶಿಯ ರೊಟ್ಟಿ ಪಕ್ಕದಲ್ಲಿತ್ತು. ಸುನಂದಾ ಕೆಳಗೆ ಹೋಗಿ ಅಂಗಡಿಯ ಚೀಲದಿಂದ ಒಂದು ರೊಟ್ಟಿ ತಂದು ಮುಂದೆ ಹಿಡಿದಳು.

"ಇದೂ ನಮ್ಮನೀದೇ ಅಲ್ಲೇನು ಯವ್ವಾ?"

"ಅಂಗಡಿ ರೊಟ್ಟಿ ಇಟ್ಟರ ಕೌದಿ ಅಂಗಡ್ಯಾಗ ಮಲಗತದ."

ಅವಳ ಮುಖ ಸಣ್ಣದಾಯಿತು. ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಡಿಯುವ ಸಪ್ಪಳ ಬಂತು, ನಿಂತಿತು, ಮತ್ತೆ ಬಂತು. ಈ ಮನೆಯಲ್ಲಿ ಆ ಸಪ್ಪಳ ನಾನು ಕೇಳಿದ್ದು ಅದೇ ಮೊದಲು. ಮುಂಗೈಗೆಲ್ಲ ಹಿಟ್ಟು ಮಾಡಿಕೊಂಡು ಬಂದಳು. ರೊಟ್ಟಿ ನಡುವೆ ಹರಿದಿತ್ತು, ಅಂಚು ಕರಕಾಗಿತ್ತು.

"ಮದಿವ್ಯಾದಾಗ ಇದಕ್ಕಿಂತ ಛಲೋ ಬಡೀತಿದ್ದಿ" ಅಂದೆ. ಕರಕು ಬಿಟ್ಟು ಒಂದು ಚೂರು ಮುರಿದು ಮೂಲೆಯೊಳಗಿಟ್ಟು ಹೊಲಿದೆ. ಕಾಶಿಯ ರೊಟ್ಟಿಯನ್ನು ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ನಾನೇ ತಿಂದೆ. ಎಳ್ಳು ಹಲ್ಲಿಗೆ ಸಿಗುವಾಗ ಅವಳ ಅಡುಗೆಮನೆಯ ಹೊಗೆಯೇ ಕಣ್ಣಿಗೆ ಬಂದ ಹಾಗಾಯಿತು.

ಸಂಜೆ ಫೋನ್ ಬಂತು. ಯಾವ ರೊಟ್ಟಿ ಇಟ್ಟೆ ಎಂದು ಕಾಶಿ ಕೇಳಿದಳು. ಮಗಳದು ಅಂದೆ.

"ಹಂಗಾರ ಟೀಚರಮ್ಮಗ ಕೀಲಿ ಕೊಟ್ಟ ಬಿಡ್ಲಿ?"

"ಕೊಡಬ್ಯಾಡ."

"ಇದ್ಯಾವ ನ್ಯಾಯ ಮುದುಕಿ? ಕೌದಿ ಅಲ್ಲಿ, ಮನಿ ಇಲ್ಲಿ."

ಸುನಂದಾ ಕೌದಿ ಮಡಚುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳಿಗೂ ಕೇಳಲಿ ಎಂದು ಸ್ವಲ್ಪ ಜೋರಾಗೇ ಹೇಳಿದೆ:

"ಚಳಿ ಇರೂತನ ಇಲ್ಲೇ ಮಲಗತೀನಿ. ಬ್ಯಾಸಿಗ್ಯಾಗ ಅಲ್ಲಿಗೆ ಬರತೀನಿ, ಆಗ ನನಗ ಕೌದಿ ಬೇಕಾಗೂದಿಲ್ಲ."