ದಾರಿ ತಪ್ಪಿದ ತುತ್ತು

ಕೋವಿಡ್ ಕಾಲದ ಬಂದ್‌ಗಳು ಮುಗಿದು ಹೊರರೋಗಿ ವಿಭಾಗಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ನಾನಾಗ ಠಾಣೆಯ ಒಂದು ಧರ್ಮಾರ್ಥ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಹೆಸರು ಕೇಳಿದವರು ಮಾತು ಕಲಿಸುವುದಷ್ಟೇ ನಮ್ಮ ಕೆಲಸ ಎಂದುಕೊಳ್ಳುತ್ತಾರೆ. ಅದು ಅರ್ಧ ಕೆಲಸ. ಮಾತು ಹೊರಡುವ ಅದೇ ನಾಲಿಗೆ, ಅದೇ ಗಂಟಲಿನ ಮೂಲಕ ಅನ್ನವೂ ಒಳಗೆ ಹೋಗಬೇಕಲ್ಲ. ನುಂಗುವುದು ಕೆಟ್ಟಾಗ ಅದನ್ನು ಪರೀಕ್ಷಿಸುವುದೂ ನಮ್ಮ ಪಾಲಿಗೇ ಬರುತ್ತದೆ. ಅಂಗವೈಕಲ್ಯವಿರುವ ಎಷ್ಟೋ ಮಕ್ಕಳಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ. ಮಾತು ಬಾರದೆಯೂ ಮಗು ಬದುಕುತ್ತದೆ. ಉಸಿರಿನ ಕೊಳವೆಗೆ ಅನ್ನ ಹೋಗುತ್ತಿದ್ದರೆ ಬಹಳ ದಿನ ಬದುಕುವುದಿಲ್ಲ.

ಧನ್ಯಾ ನನ್ನ ಬಳಿ ಬಂದದ್ದು ವಾರ್ಡಿನಿಂದ. ಐದು ವರ್ಷದ ಹುಡುಗಿ, ತೂಕ ಎರಡು ವರ್ಷದ ಮಗುವಿನಷ್ಟು. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದೆ ಸೆರೆಬ್ರಲ್ ಪಾಲ್ಸಿ ಆಗಿತ್ತು. ಅಂದರೆ ಸ್ನಾಯುಗಳಿಗೆ ಮಿದುಳಿನ ಆಜ್ಞೆ ಸರಿಯಾಗಿ ತಲುಪದ ಸ್ಥಿತಿ. ಕೈಕಾಲು ಬಿಗಿ, ಕತ್ತು ನಿಲ್ಲದು, ಮಾತಿಲ್ಲ. ಆದರೆ ಕಣ್ಣುಗಳು ಮಾತ್ರ ಕೋಣೆಗೆ ಬಂದವರನ್ನೆಲ್ಲ ಬಾಗಿಲಿಂದ ಕುರ್ಚಿಯವರೆಗೆ ಹಿಂಬಾಲಿಸುತ್ತಿದ್ದವು. ಆ ವರ್ಷ ಅವಳಿಗೆ ನ್ಯುಮೋನಿಯಾ ಮೇಲಿಂದ ಮೇಲೆ ಬಂದಿತ್ತು. ಮಕ್ಕಳ ಡಾಕ್ಟರು, "ಊಟ ಮಾಡಿಸುವಾಗ ಒಮ್ಮೆ ನೋಡಿ" ಎಂದು ನನಗೆ ಹೇಳಿ ಕಳಿಸಿದ್ದರು.

ಮನೆಯವರು ಉಡುಪಿ ಕಡೆಯವರು. ಮಾಜಿವಾಡಾದ ಹತ್ತಿರ ಹೆದ್ದಾರಿಯ ಬದಿಗೆ ಅವರ ಹೋಟೆಲು. ಧನ್ಯಾಳ ತಂದೆ ಸುಕೇಶ್ ಅದನ್ನು ನಡೆಸುತ್ತಿದ್ದರು. ತಾಯಿ ನಮಿತಾ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಮನೆಯ ಯಜಮಾನಿಕೆ ಮಾತ್ರ ಸುಕೇಶರ ತಾಯಿ ವನಜಕ್ಕನದು. ಗಂಡ ತೀರಿಕೊಂಡ ಮೇಲೆ ಹೋಟೆಲಿನ ಅಡುಗೆಮನೆಯನ್ನು ತಾವೇ ನಿಂತು ನಡೆಸಿದ ಹೆಂಗಸು. ಹಿಟ್ಟು ಹುದುಗಿದ್ದು ಸಾಕೋ ಸಾಲದೋ ಎಂದು ವಾಸನೆಯಿಂದಲೇ ಹೇಳುತ್ತಿದ್ದರಂತೆ. ಮೊಮ್ಮಗಳು ಹುಟ್ಟಿದ ಮೇಲೆ ಹೋಟೆಲನ್ನು ಮಗನಿಗೆ ಬಿಟ್ಟು, ದಿನವಿಡೀ ಅವಳಿಗೆ ಉಣಿಸುವುದೇ ಅವರ ಉದ್ಯೋಗವಾಗಿತ್ತು.

ಉಣಿಸುವುದನ್ನು ತೋರಿಸಿ ಎಂದೆ. ವನಜಕ್ಕ ಮಗುವನ್ನು ತೊಡೆಯ ಮೇಲೆ ಅಂಗಾತ ಹಾಕಿಕೊಂಡು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಗಂಜಿಯನ್ನು ಚಮಚದಿಂದ ನಿಧಾನಕ್ಕೆ ಬಾಯಿಗೆ ಬಿಟ್ಟರು. "ಉಣ್ಲ ಬಾಲೆ, ಉಣ್ಲ," ಉಣ್ಣು ಮಗೂ ಎಂದು ತುಳುವಿನಲ್ಲಿ ಮುದ್ದು ಮಾಡುತ್ತಿದ್ದರು. ಮಗು ಕೆಮ್ಮಲಿಲ್ಲ. ಆದರೆ ಕಣ್ಣಂಚಿನಲ್ಲಿ ನೀರು ಬಂತು, ಉಸಿರಿನ ಸದ್ದು ಒದ್ದೆಯಾಯಿತು, ನೀರು ತುಂಬಿದ ಕೊಳವೆಯಲ್ಲಿ ಗಾಳಿ ಊದಿದ ಹಾಗೆ. ನನಗೆ ಅಷ್ಟು ಸಾಕಾಯಿತು.

"ಅಮ್ಮಾರೆ, ಸ್ವಲ್ಪ ನಿಲ್ಲಸ್ರಿ," ಎಂದೆ. ನಾನು ವಿಜಯಪುರದ ಮನೆತನದವಳು, ಕಲ್ಯಾಣದಲ್ಲಿ ಬೆಳೆದವಳು. ಮನೆಯ ಮಾತು ಬಾಯಿಗೆ ಬರುತ್ತದೆ. "ತಲಿ ಹಿಂಗ ಹಿಂದಕ್ಕ ಹಾಕಿದ್ರ ಗಂಜಿ ಶ್ವಾಸಕ್ಕ ಹೋಗ್ತದರಿ."

ವನಜಕ್ಕ ಚಮಚ ಕೆಳಗಿಡಲಿಲ್ಲ. "ಐದು ವರ್ಷ ಆಯ್ತು ಇವಳಿಗೆ ಊಟ ಕೊಟ್ಟು. ನಿಮ್ಮ ಆಸ್ಪತ್ರೆಯವರು ಯಾರಾದ್ರೂ ಬಂದು ಒಂದು ತುತ್ತು ಕೊಟ್ಟಿದ್ದುಂಟಾ? ಘಟ್ಟದ ಮೇಲಿನವರಿಗೆ ಗಂಜಿ ಊಟ ಎಂತ ಅಂತ ಗೊತ್ತಿದ್ರೆ ಅಲ್ವಾ!"

ಅಲ್ಲಿಂದಲೇ ಶುರುವಾಯಿತು. ಮುಂದಿನ ವಾರಗಳಲ್ಲಿ ಮಗುವನ್ನು ನೆಟ್ಟಗೆ ಕೂರಿಸುವ ಕುರ್ಚಿ ಕೊಟ್ಟೆ, ಗಂಜಿಯನ್ನು ಗಟ್ಟಿ ಮಾಡಿ ಕೊಡಲು ಹೇಳಿದೆ, ಗದ್ದ ಕೆಳಗೆ ಬಗ್ಗಿಸಿ ಉಣಿಸುವ ಬಗೆ ತೋರಿಸಿದೆ. ವನಜಕ್ಕ ನನ್ನ ಎದುರು ನಿಂತು ಕೇಳಿ, ಮನೆಗೆ ಹೋಗಿ ತಮ್ಮದೇ ರೀತಿಯಲ್ಲಿ ಉಣಿಸುತ್ತಿದ್ದರು. ಕುರ್ಚಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಾರೆಂದು ನಮಿತಾಳೇ ಒಮ್ಮೆ ತಲೆ ತಗ್ಗಿಸಿ ಹೇಳಿದಳು. ಮತ್ತೆ ಜ್ವರ, ಮತ್ತೆ ಎಕ್ಸ್-ರೇ, ಮತ್ತೆ ವಾರ್ಡು.

ಕೊನೆಗೆ ವಿಡಿಯೋಫ್ಲೋರೋಸ್ಕೋಪಿ ಮಾಡಿಸಿದೆವು. ಊಟಕ್ಕೆ ಬೇರಿಯಂ ಎಂಬ ಪುಡಿ ಬೆರೆಸಿ, ಮಗು ನುಂಗುವಾಗ ಎಕ್ಸ್-ರೇಯನ್ನು ಸಿನಿಮಾದಂತೆ ಓಡಿಸಿ ನೋಡುವ ಪರೀಕ್ಷೆ ಅದು. ಬೇರಿಯಂ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ತುತ್ತು ಯಾವ ದಾರಿ ಹಿಡಿಯಿತೆಂದು ಯಾರೂ ವಾದ ಮಾಡುವ ಹಾಗಿಲ್ಲ. ಉಣಿಸುವುದಕ್ಕೆ ವನಜಕ್ಕನೇ ಬರಲಿ ಎಂದೆ. ಬೇರೆಯವರ ಕೈಯಲ್ಲಿ ಮಗು ಬಾಯಿ ಬಿಡುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಅವರು ಕಣ್ಣಾರೆ ಕಾಣಲಿ ಎನ್ನುವುದು ಇನ್ನೊಂದು.

ಸೀಸದ ಏಪ್ರನ್ ತೊಟ್ಟು ಅವರು ಉಣಿಸಿದರು. ಈ ಸಲ ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ಬಗ್ಗಿಸಿ, ನಾನು ಹೇಳಿದಂತೆಯೇ ಉಣಿಸಿದರು. ಪರದೆಯ ಮೇಲೆ ಕಪ್ಪು ಗೆರೆಯೊಂದು ನಾಲಿಗೆಯ ಬುಡದಲ್ಲಿ ಕ್ಷಣ ತಡೆದು ನಿಂತು, ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿದುಹೋಯಿತು. ತೆಳು ಗಂಜಿಯೂ ಇಳಿಯಿತು, ಗಟ್ಟಿ ಗಂಜಿಯೂ ಇಳಿಯಿತು. ಮಗು ಕೆಮ್ಮಲೇ ಇಲ್ಲ. ಇದನ್ನು ಸೈಲೆಂಟ್ ಆಸ್ಪಿರೇಷನ್ ಎನ್ನುತ್ತೇವೆ: ದೇಹ ಎಚ್ಚರಿಕೆಯನ್ನೇ ಕೊಡದೆ ಅನ್ನವನ್ನು ಶ್ವಾಸಕೋಶಕ್ಕೆ ಬಿಟ್ಟುಕೊಡುವುದು.

ಹೊರಗೆ ಬಂದ ಮೇಲೆ ಇಡೀ ಕುಟುಂಬವನ್ನು ಕೂರಿಸಿ, ಆ ಚಿತ್ರವನ್ನು ಪರದೆಯ ಮೇಲೆ ಮತ್ತೆ ಓಡಿಸಿ ತೋರಿಸಿ ಹೇಳಿದೆ. ಬಾಯಿಂದ ಊಟ ಸದ್ಯಕ್ಕೆ ಪೂರ್ತಿ ನಿಲ್ಲಬೇಕು. ಗ್ಯಾಸ್ಟ್ರಾಸ್ಟಮಿ ಮಾಡಿಸಬೇಕು, ಅಂದರೆ ಹೊಟ್ಟೆಗೆ ಹೊರಗಿನಿಂದ ಸಣ್ಣ ಕೊಳವೆ ಜೋಡಿಸಿ ಅದರ ಮೂಲಕ ಆಹಾರ ಕೊಡಬೇಕು.

ಸುಕೇಶ್ ಎದ್ದು ನಿಂತರು. "ದೇಖಿಯೇ ಮೇಡಂ, ನಮ್ಮ ಹೋಟೆಲಲ್ಲಿ ದಿನಕ್ಕೆ ಎಷ್ಟು ಜನ ಊಟ ಮಾಡ್ತಾರೆ ನಿಮಗೆ ಗೊತ್ತುಂಟಾ? ಊರಿಗೆಲ್ಲ ಅನ್ನ ಹಾಕುವವನ ಮಗಳಿಗೆ ಪೈಪಲ್ಲಿ ಊಟ? ನಾಲ್ಕು ಜನ ಏನಂತಾರೆ?"

ವನಜಕ್ಕನ ದನಿ ಏರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ನನ್ನ ಕೈಯಿಂದಲೇ ತಿನ್ನಿಸಿ, ನನ್ನನ್ನೇ ಕೊಲೆಗಾರ್ತಿ ಮಾಡಿದ್ರಿ. ಇದಕ್ಕೇ ಕರೆದದ್ದು ಅಲ್ವಾ ನನ್ನನ್ನು? ನಿಮಗೆ ಮಕ್ಕಳುಂಟಾ? ಇದ್ದಿದ್ರೆ ಇಂಥ ಮಾತು ಬಾಯಿಂದ ಬರ್ತಿರಲಿಲ್ಲ."

ನನಗೆ ಮಕ್ಕಳಿಲ್ಲ. ಅವರಿಗದು ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. "ನನಗ ಮಕ್ಕಳು ಇರ್ಲಿ ಬಿಡ್ಲಿ, ಈ ಕೂಸು ಹಿಂಗ ಉಂಡ್ರ ಉಳಿಯೂದಿಲ್ರಿ," ಎಂದೆ. ನಯವಾಗಿ ಹೇಳಬಹುದಿತ್ತು ಎಂದು ಆಮೇಲೆ ಸಹೋದ್ಯೋಗಿಗಳು ಹೇಳಿದರು. ನಯವಾಗಿ ಹೇಳಿ ಹೇಳಿ ತಿಂಗಳುಗಳಾಗಿದ್ದವು.

ಮರುವಾರ ಸುಕೇಶ್ ದೂರು ಕೊಟ್ಟರು. ಥೆರಪಿಸ್ಟ್ ವಯಸ್ಸಾದ ತಾಯಿಯನ್ನು ಅವಮಾನ ಮಾಡಿದರು, ಬೇಡದ ಆಪರೇಷನ್‌ಗೆ ಹೆದರಿಸಿದರು ಎಂದು. ಸ್ಥಳೀಯ ಪುಢಾರಿಯೊಬ್ಬರನ್ನೂ ಕರೆತಂದಿದ್ದರು. ಆಡಳಿತಾಧಿಕಾರಿ ನನ್ನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿ, ಮರಾಠಿಯಲ್ಲಿ ಸಮಾಧಾನದ ಮಾತಾಡಿದರು. ವರದಿಯಲ್ಲಿ "ಬಾಯಿಂದ ಊಟ ನಿಲ್ಲಿಸಬೇಕು" ಎನ್ನುವ ಕಡೆ "ಎಚ್ಚರಿಕೆಯಿಂದ ಮುಂದುವರಿಸಬಹುದು" ಎಂದು ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು ಎಂದರು.

"ಆಗೂದಿಲ್ಲ ಸರ್," ಎಂದೆ. "ಕಣ್ಣಿಗೆ ಕಂಡದ್ದನ್ನ ಬರದೀನಿ. ಬ್ಯಾರೆ ಬೇಕಾದ್ರ ನೀವು ಬರದು ನಿಮ್ಮ ಸಹಿ ಹಾಕ್ರಿ."

ಅವರು ಸಹಿ ಹಾಕಲಿಲ್ಲ. ಆದರೆ ಆ ಪ್ರಕರಣದಿಂದ ನನ್ನನ್ನು ಬಿಡಿಸಿದರು. ಕಾರಿಡಾರಿನಲ್ಲಿ ಎದುರಾದವರು ನನ್ನ ಕಡೆ ನೋಡಿ ಮಾತು ನಿಲ್ಲಿಸುವುದು, ಕ್ಯಾಂಟೀನಿನಲ್ಲಿ ಪಕ್ಕದ ಕುರ್ಚಿ ಖಾಲಿ ಉಳಿಯುವುದು ಕೆಲವು ದಿನ ನಡೆಯಿತು. ಧನ್ಯಾಳ ಮನೆಯವರು ನಮ್ಮ ಆಸ್ಪತ್ರೆಗೆ ಬರುವುದನ್ನೇ ಬಿಟ್ಟರು. ಊರಿನ ಕಡೆಯ ಒಬ್ಬರು ಎಣ್ಣೆ ತಿಕ್ಕಿ ನರ ಸಡಿಲಿಸುತ್ತಾರೆ, ಆಮೇಲೆ ನುಂಗುವುದು ತಾನಾಗಿ ಬರುತ್ತದೆ ಎಂದು ಅವರಿಗೆ ಯಾರೋ ಭರವಸೆ ಕೊಟ್ಟಿದ್ದರಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನಮಿತಾ ಫೋನ್ ಮಾಡಿದಳು. ಮಗು ನವಿ ಮುಂಬಯಿಯಲ್ಲಿ, ಸೀವುಡ್ಸ್ ಹತ್ತಿರದ ಒಂದು ಆಸ್ಪತ್ರೆಯ ಐಸಿಯುನಲ್ಲಿತ್ತು. ವೆಂಟಿಲೇಟರ್ ಹಾಕಿದ್ದರು.

"ಮೇಡಂ, ಇಲ್ಲಿಯ ಡಾಕ್ಟರ್ ಕೂಡ ಸೇಮ್ ಬೋಲ್ತಾರೆ, ಟ್ಯೂಬ್ ಹಾಕಬೇಕು ಅಂತ. ಇವರು ಸೈನ್ ಮಾಡಲ್ಲ ಹೇಳ್ತಾರೆ. ಅತ್ತೆ ಬಾಗಿಲಲ್ಲೇ ಕೂತಿದ್ದಾರೆ, ಯಾರನ್ನೂ ಒಳಗೆ ಬಿಡಲ್ಲ. ನೀವು ಯೇವು ಶಕಾಲ್ ಕಾ? ಬರ್ತೀರಾ?"

ಮೇಲಿನವರನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಅರ್ಧ ದಿನ ರಜೆ ಹಾಕಿ, ಲೋಕಲ್ ಹಿಡಿದು ಹೋದೆ. ಐಸಿಯು ಹೊರಗಿನ ಬೆಂಚಿನ ಮೇಲೆ ವನಜಕ್ಕ ಕೂತಿದ್ದರು. ನನ್ನನ್ನು ನೋಡಿ ಮುಖ ಗೋಡೆಯ ಕಡೆಗೆ ತಿರುಗಿಸಿದರು. ಸುಕೇಶ್ ಎದ್ದು ಬಂದು ದಾರಿಗೆ ಅಡ್ಡ ನಿಂತರು. "ನಿಮ್ಮನ್ನು ಯಾರು ಕರೆದದ್ದು?"

"ನಾನು ಕರೆದದ್ದು," ಎಂದಳು ನಮಿತಾ.

ಅವಳು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಪ್ರಾಯಶಃ ಅವರೂ ಕೇಳಿರಲಿಲ್ಲ. "ಆ ದಿನ ಪರದೆಯ ಮೇಲೆ ನಾನೂ ನೋಡಿದ್ದೆ. ನೀವೂ ನೋಡಿದ್ದೀರಿ. ಅತ್ತೆಯೂ ನೋಡಿದ್ದಾರೆ. ನೋಡಿಲ್ಲ ಅಂತ ಮೂರೂ ಜನ ನಾಟಕ ಮಾಡಿದ್ದು ನಾವು. ಬಸ್ ಝಾಲಂ, ಸಾಕು ಇನ್ನು. ಮಗುವಿನ ಅಮ್ಮನ ಸೈನ್ ಸಾಕಂತೆ, ನಾನು ಮಾಡ್ತೇನೆ."

"ಮಾಡು," ಎಂದರು ವನಜಕ್ಕ, ಗೋಡೆಯ ಕಡೆಗೇ ಮುಖವಿಟ್ಟು. "ಮಾಡಿ, ಮತ್ತೆ ನನ್ನ ಹತ್ತಿರ ಮಾತಾಡ್ಬೇಡ."

ನಮಿತಾ ಒಳಗೆ ಹೋಗಿ ಸಹಿ ಮಾಡಿದಳು. ಸುಕೇಶ್ ತಡೆಯಲಿಲ್ಲ; ಮೆಟ್ಟಿಲಿಳಿದು ಹೊರಟುಹೋದರು. ನಾನು ಅಲ್ಲಿ ಮಾಡಿದ್ದು ಏನೂ ಇಲ್ಲ. ಅಲ್ಲಿಯ ಸರ್ಜನ್‌ಗೆ ನಮ್ಮ ಪರೀಕ್ಷೆಯಲ್ಲಿ ಕಂಡದ್ದನ್ನು ವಿವರಿಸಿದೆ, ಅಷ್ಟೇ. ಆದರೆ ಒಬ್ಬ ಹೆಂಗಸು ಇಡೀ ಮನೆಯನ್ನು ಎದುರು ಹಾಕಿಕೊಂಡು ನಿಂತಾಗ ಅವಳ ಪಕ್ಕದಲ್ಲಿ ನಿಲ್ಲಲು ಇನ್ನೊಬ್ಬರು ಬೇಕಾಗುತ್ತದೆ. ಅದಕ್ಕೆ ಡಿಗ್ರಿ ಬೇಕಾಗಿಲ್ಲ.

ಮಗು ವೆಂಟಿಲೇಟರಿನಿಂದ ಹೊರಬಂದು, ಸ್ವಲ್ಪ ಚೇತರಿಸಿಕೊಂಡ ಮೇಲೆ ಕೊಳವೆ ಹಾಕಿದರು. ಆಪರೇಷನ್ ಸಲೀಸಾಗಿ ಆಯಿತು. ಮನೆ ಸಲೀಸಾಗಲಿಲ್ಲ. ವನಜಕ್ಕ ಸೊಸೆಯ ಜೊತೆ ಮಾತು ಬಿಟ್ಟರು. ನಮಿತಾ ಕೊಳವೆಗೆ ಆಹಾರ ಬಿಡುವಾಗ ಎದ್ದು ಬಾಲ್ಕನಿಗೆ ಹೋಗುತ್ತಿದ್ದರಂತೆ. ಬಂದ ನೆಂಟರ ಎದುರು, "ನಮ್ಮ ಮನೆಯಲ್ಲಿ ಈಗ ಗಿಡಕ್ಕೆ ನೀರು ಬಿಟ್ಟ ಹಾಗೆ ಮಗುವಿಗೆ ಬಿಡ್ತಾರೆ" ಎನ್ನುತ್ತಿದ್ದರಂತೆ. ಧನ್ಯಾಳ ತೂಕ ಮಾತ್ರ ಏರತೊಡಗಿತು. ಚಳಿಗಾಲ ಪೂರ್ತಿ ಒಮ್ಮೆಯೂ ಆಸ್ಪತ್ರೆಗೆ ಸೇರಲಿಲ್ಲ.

ಅದು ಮುಗಿದ ಮೇಲೆ ನಮಿತಾ ಮಗುವನ್ನು ಮತ್ತೆ ನಮ್ಮ ಆಸ್ಪತ್ರೆಗೇ ತೋರಿಸತೊಡಗಿದಳು. ಅವಳು ಕೇಳಿಕೊಂಡದ್ದರಿಂದ, ಮನೆಗೆ ಹೋಗಿ ನೋಡಲು ಮೇಲಿನವರು ನನ್ನನ್ನೇ ಕಳಿಸಿದರು. ಬಾಗಿಲು ತೆರೆದವರು ವನಜಕ್ಕ. ಕೂರಿ ಎನ್ನಲಿಲ್ಲ. ನಾನು ನಿಂತೇ ಮಗುವನ್ನು ಪರೀಕ್ಷಿಸಿದೆ. ಉಸಿರು ಸ್ವಚ್ಛವಾಗಿತ್ತು, ಕೆನ್ನೆ ತುಂಬಿತ್ತು. ನಾಲಿಗೆ ಮೊದಲಿಗಿಂತ ಚುರುಕಾಗಿತ್ತು. ಇಂಥ ಮಕ್ಕಳಿಗೆ ರುಚಿಯ ಆಸೆ ಉಳಿಯಲೆಂದು ಟೇಸ್ಟ್ ಪ್ರೋಗ್ರಾಂ ಎಂದು ಮಾಡುತ್ತೇವೆ: ನುಂಗಲು ಏನನ್ನೂ ಕೊಡದೆ, ಬೆರಳ ತುದಿಗೆ ಹತ್ತಿದಷ್ಟು ರಸವನ್ನು ತುಟಿಗೆ ಸವರುವುದು. ಸ್ಥಿತಿ ಸುಧಾರಿಸಿದ ಮೇಲೆ, ಡಾಕ್ಟರು ಒಪ್ಪಿದರೆ ಮಾತ್ರ. ಡಾಕ್ಟರು ಒಪ್ಪಿದ್ದರು.

"ಇದನ್ನ ದಿನಾ ಯಾರು ಮಾಡ್ತೀರಿ?" ಎಂದು ಕೇಳಿದೆ.

ನಮಿತಾ ಅತ್ತೆಯ ಕಡೆ ನೋಡಿದಳು. ನಾನೇ ಹೇಳಿದೆ: "ಅಮ್ಮಾರೆ, ನಿಮ್ಮ ಕೈ ಬಿಟ್ಟು ಬ್ಯಾರೆಯವ್ರ ಕೈಗೆ ಬಾಯಿ ತಗಿಯೂದಿಲ್ಲ ಅದು. ನೀವ ಮಾಡಬೇಕು. ಒಂದ ಹನಿ. ಎರಡನೇದು ಹಾಕಿದ್ರ ನಿಲ್ಲಸ್ತೀನಿ."

"ಈಗ ನನ್ನ ಕೈ ಬೇಕಾಯ್ತಾ ನಿಮಗೆ," ಎಂದರು. "ನೀವು ಹೇಳಿದ್ರಿ ಅಂತ ಮಾಡೂದಲ್ಲ ಇದು. ನನ್ನ ಮಗುವಿಗೆ ಅಂತ ಮಾಡೂದು. ಅದು ಗೊತ್ತಿರ್ಲಿ."

ಒಳಗೆ ಹೋಗಿ ಕೈ ತೊಳೆದು, ಬೆಲ್ಲ ಹಾಕಿ ಕುದಿಸಿದ ಹೆಸರುಬೇಳೆ ಪಾಯಸದ ತಿಳಿಯಲ್ಲಿ ಬೆರಳು ಅದ್ದಿ ಬಂದರು. ನಾನು ಹಿಂದೆ ತೋರಿಸಿದ ಹಾಗೆಯೇ ಮಗುವಿನ ತಲೆಯನ್ನು ಹಿಡಿದರು. ತುಟಿಗೆ ಸವರಿದರು. ಧನ್ಯಾ ನಾಲಿಗೆ ಹೊರಗೆ ಹಾಕಿ ನೆಕ್ಕಿ, ಗಂಟಲಲ್ಲಿ ಒಂದು ಸದ್ದು ಮಾಡಿದಳು. ನಗು ಎನ್ನಬಹುದಾದ ಸದ್ದು. ವನಜಕ್ಕನ ಕಣ್ಣು ತುಂಬಿತು. ನಾನು ಅದನ್ನು ಕಂಡೆನೆಂದು ಗೊತ್ತಾದ ಕೂಡಲೇ ಸೆರಗಿನಿಂದ ಒರೆಸಿಕೊಂಡು, "ಆಯ್ತಲ್ಲ, ಇನ್ನು ಹೊರಡಿ," ಎಂದರು.

ಹೊರಟೆ. ಆಮೇಲೆ ನಿವೃತ್ತಿಯವರೆಗೂ ಅವರ ಮನೆಗೆ ಹೋಗುತ್ತಿದ್ದೆ. ನಮ್ಮಿಬ್ಬರ ನಡುವೆ ಸ್ನೇಹ ಬೆಳೆಯಲಿಲ್ಲ. ಅವರ ಮಾತುಗಳಲ್ಲಿ ಒಂದೆರಡು ನನಗೆ ಇಂದಿಗೂ ನೋಯುತ್ತವೆ; ನಾನಾಡಿದ್ದು ಅವರಿಗೂ ನೋಯುತ್ತಿರಬಹುದು. ಆದರೆ ಒಂದು ಹನಿ ಎಂದದ್ದು ಎಂದೂ ಎರಡಾಗಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಸಿಟ್ಟಿನ ಸಂಬಂಧಿಕರನ್ನು ಹೇಗೆ ನಿಭಾಯಿಸಬೇಕೆಂದು ನನ್ನನ್ನು ಕೇಳುತ್ತಾರೆ. ಸಮಾಧಾನ ಮಾಡುವ ಉಪಾಯ ನನಗೆ ಗೊತ್ತಿಲ್ಲ. ನಾನು ಕಂಡದ್ದು ಇಷ್ಟು: ನಮ್ಮ ಮಾತಿಗೆಲ್ಲ ತಲೆದೂಗಿ, ಥ್ಯಾಂಕ್ಯೂ ಹೇಳಿ ಹೋದ ಎಷ್ಟೋ ಮನೆಯವರು ಮತ್ತೆ ಬರಲಿಲ್ಲ; ಅವರ ಮಕ್ಕಳು ಏನಾದರೆಂದು ನನಗೆ ತಿಳಿಯದು. ಜಗಳವಾಡಿದವರು ಮಗುವಿನ ಹಾಸಿಗೆಯ ಪಕ್ಕವೇ ಕೂತಿದ್ದರು. ಅವರಿಗೆ ಹಿತವಾಗಲೆಂದು ಕಂಡದ್ದನ್ನು ಬದಲಿಸಿ ಹೇಳಬಾರದು. ಬೈದರೆಂದು ಮಗುವನ್ನು ಅವರ ಕೈಯಿಂದ ದೂರ ಮಾಡಲೂಬಾರದು. ಇವೆರಡನ್ನೂ ಒಟ್ಟಿಗೆ ಮಾಡುವುದು ಕಷ್ಟ, ಮಾಡಿದವರಿಗೆ ಒಳ್ಳೆಯ ಹೆಸರೂ ಬರುವುದಿಲ್ಲ.

ವನಜಕ್ಕ ನನ್ನನ್ನು ಕ್ಷಮಿಸಿಲ್ಲ. ಧನ್ಯಾಳಿಗೆ ಈಗ ಎಂಟು ತುಂಬಿದೆ.