ಗೆಲ್ಲದ ಹಣದ ಪಾಲುದಾರರು

ಗ್ರೀಸಿನ ವೋಲೋಸ್ ಬಂದರಿನ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ನಡೆಸುವ ಎವಾಂಥಿಯಾ ಲಾಟರಿಯ ಮೊದಲ ಬಹುಮಾನವನ್ನು ಇನ್ನೂ ಗೆದ್ದಿಲ್ಲ, ಹಂಚಿ ಮಾತ್ರ ಆಗಿದೆ. ಪ್ರತಿ ಭಾನುವಾರ ಚರ್ಚು ಮುಗಿಸಿ ಒಂದೇ ಒಂದು ಚೀಟಿ ಕೊಳ್ಳುತ್ತಾಳೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು, "ಎರಡೂವರೆ ಕೋಟಿ ಚೀಟಿಗೆ ಒಂದು ಹೊಡೆಯತ್ತಮ್ಮಾ" ಎಂದರೆ, "ಆ ಒಂದನ್ನೇ ತಾನೆ ನಾನು ತಗೊಂಡಿರೋದು?" ಎನ್ನುತ್ತಾಳೆ. ಉಪದೇಶ ಉದ್ದವಾದ ವಾರ ಬಹುಮಾನದ ಹಣದಲ್ಲಿ ಪಾದ್ರಿಗಳ ಚರ್ಚಿಗೆ ಕೊಡಿಸುತ್ತೇನೆಂದಿದ್ದ ಹೊಸ ಗಂಟೆ ರದ್ದಾಯಿತು. ಬ್ರೆಡ್ಡು ಸೀದ ದಿನ ಬೇಕರಿಯ ಸ್ಟಾಮಾಟಿಸ್‌ಗೆ, "ನಿನ್ನ ಹತ್ತು ಸಾವಿರ ಯೂರೋ ಖೋತಾ" ಎಂದಳು. ಸಂಜೆಗೆ ಅವನು ಎಳ್ಳು ಹಚ್ಚಿದ ಬಿಸಿ ಬ್ರೆಡ್ಡು ಹಿಡಿದು ಬಂದು, "ಅಕ್ಕಾ, ಸಿಟ್ಟು ಬಿಡು, ವಾಪಸ್ ಸೇರಿಸ್ಕೋ" ಎಂದು ಗೋಗರೆದ. ಸೇರಿಸಿಕೊಂಡಳು, ಒಂಬತ್ತು ಸಾವಿರಕ್ಕೆ. ಅವಳ ತಮ್ಮ ಲಾಂಬ್ರೋಸ್, ಅಪ್ಪನ ಮೀನುದೋಣಿಯ ಜಗಳದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಈಗಲೂ ಅದೇ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ, ಅಕ್ಕನನ್ನು ಕಂಡರೆ ರಸ್ತೆ ದಾಟುತ್ತಾನೆ. ಅವನ ಪಾಲು ಎಂದೋ ರದ್ದಾಗಿರಬೇಕೆಂದುಕೊಂಡು ಸ್ಟಾಮಾಟಿಸ್ ಒಮ್ಮೆ, "ಅದನ್ನ ನನಗೇ ಕೊಟ್ಬಿಡಕ್ಕಾ" ಎಂದ. ಎವಾಂಥಿಯಾ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ಅರ್ಧ ಅವನದು ಕಣೋ, ಅದರ ತಂಟೆಗೆ ಬರಬೇಡ. ಮಾತಾಡದಿದ್ರೆ ಏನಂತೆ? ಆ ದೋಣಿ ಹಳೇದಾಗಿದೆ. ಗಾಳಿ ಎದ್ದ ದಿನ ನಂಗೆ ಕೆಲಸಕ್ಕೆ ಕೈಯೇ ಬರಲ್ಲ."